ಯಾರ ಮನೆ ಡಬ್ಬಿ

“ಸೆರಗು ಕೊಡವು. ಇಲ್ಲೇ, ಎಲ್ಲಾರ ಎದುರಿಗೇ ಕೊಡವು.”

ಹಾಲೇಶಪ್ಪ ಗಿರಣಿಯ ಮೋಟರು ಆರಿಸಿಯೇ ಈ ಮಾತು ಹೇಳಿದ. ಸದ್ದಿನಲ್ಲಿ ತನ್ನ ಮಾತು ಮುಳುಗಿಹೋಗಬಾರದು ಎಂದು ಅವನಿಗೆ ಅನ್ನಿಸಿರಬೇಕು. ಬೆಲ್ಟು ತಟಪಟನೆ ಬಡಿದುಕೊಂಡು ನಿಂತಿತು. ನೆರಳಿನಲ್ಲಿ ಡಬ್ಬಿ ಸಾಲಿಟ್ಟುಕೊಂಡು ಕೂತಿದ್ದ ಮೇಲೋಣಿಯ ಹೆಂಗಸರು ತಮ್ಮ ತಮ್ಮ ಡಬ್ಬಿಯ ಮುಚ್ಚಳ ನೋಡತೊಡಗಿದರು. ಅಂಗಳದಾಚೆ ಬಿಸಿಲಿನಲ್ಲಿ ಪಾಳಿ ಕಾಯುತ್ತಿದ್ದ ಮಾದಿಗರ ಕೇರಿಯ ಹೆಂಗಸರು ಎದ್ದು ನಿಂತರು.

ದುರುಗಮ್ಮನ ಕೈಯಲ್ಲಿ ಪೊರಕೆಯಿತ್ತು. ಹುಬ್ಬು, ರೆಪ್ಪೆ, ಕಿವಿಯ ಸಂದಿಯಲ್ಲೆಲ್ಲ ಹಿಟ್ಟು ಕೂತಿತ್ತು.

“ಕದ್ದಿಲ್ರೀ ಸಾವ್ಕಾರ್ರೆ. ಗುಡಿಸಿದ್ದು. ಗುಡಿಸಿದ್ದು ಮೊದ್ಲಿಂದ ನಂದೇ ಅಲ್ಲೇನ್ರಿ?”

“ನಿಮ್ಮಪ್ಪ ಬರ್ದು ಕೊಟ್ಟು ಸತ್ತಿದ್ನೇನೆ, ನಿಂದು ಅಂತ? ಕೊಡವು ಅಂದ್ರೆ ಕೊಡವು, ಮುಂಡೆ.”

ಗಿರಣಿ ಗುಡಿಸುವುದಕ್ಕೆ ಅವಳಿಗಿದ್ದ ಕೂಲಿಯೇ ಅದು. ಬಿಡುವಾದಾಗೆಲ್ಲ ಗೋಡೆಗೆ, ನೆಲಕ್ಕೆ, ಕಲ್ಲಿನ ಸುತ್ತ ಕೂತ ಹಿಟ್ಟನ್ನು ಗುಡಿಸಿ ಒಟ್ಟು ಮಾಡಿ ಅವಳು ಒಯ್ಯುತ್ತಿದ್ದಳು. ರಾಗಿ, ಜೋಳ, ಗೋಧಿ ಎಲ್ಲ ಕಲೆತು ಬೂದಿಯ ಬಣ್ಣಕ್ಕೆ ತಿರುಗಿದ ಹಿಟ್ಟು. ಮನೆಯಲ್ಲಿ ಜರಡಿ ಹಿಡಿದರೆ ಅಂಬಲಿಗೆ ಆಗುತ್ತಿತ್ತು. ಕೈಗೆ ಕಾಸು ಸಿಗುತ್ತಿದ್ದುದು ಹಾಲೇಶಪ್ಪನಿಗೆ ಮನಸ್ಸು ಬಂದಾಗ ಮಾತ್ರ. ಈಗ ಅವನು ಹೊಸದಾಗಿ ಎಮ್ಮೆ ತಂದಿದ್ದ. ಗುಡಿಸಿದ ಹಿಟ್ಟು ಇನ್ನು ಮೇಲೆ ಎಮ್ಮೆಗೆ ಎಂದು ಮನಸ್ಸಿನಲ್ಲಿಯೇ ಗೊತ್ತು ಮಾಡಿಕೊಂಡಿದ್ದನೇ ಹೊರತು ಅವಳಿಗೆ ಹೇಳಿರಲಿಲ್ಲ.

ದುರುಗಮ್ಮ ಸೆರಗಿನ ಗಂಟು ಬಿಚ್ಚಿದಳು. ಹಿಟ್ಟು ನೆಲಕ್ಕೆ ಸುರಿಯಿತು. ಅಷ್ಟಕ್ಕೇ ಬಿಡದೆ ಅವನು ಪೂರ್ತಿ ಕೊಡವು ಎಂದ. ಎದೆಯ ಮೇಲಿನ ಸೆರಗು ತೆಗೆದು, ರವಿಕೆಯಲ್ಲಿ ನಿಂತು, ಎರಡು ಕೈಯಿಂದ ಅದನ್ನು ಝಾಡಿಸಿದಳು. ಗಿರಣಿಗೂ ಮನೆಗೂ ನಡುವಿನ ಬಾಗಿಲಲ್ಲಿ ಹಾಲೇಶಪ್ಪನ ಹೆಂಡತಿ ಪ್ರೇಮಮ್ಮ ನಿಂತಿದ್ದಳು. ಮದುವೆಯಾಗಿ ಬಂದ ಹೊಸದರಲ್ಲಿ, ಗುಡಿಸಿದ್ದನ್ನು ನೀನೇ ಒಯ್ಯಿ ದುರುಗಮ್ಮ ಎಂದು ಮೊದಲು ಹೇಳಿದವಳೇ ಅವಳು. ಈಗ ಚೌಕಟ್ಟು ಹಿಡಿದು ನೋಡುತ್ತಿದ್ದಳು.

“ಈಗ ಬಿದ್ದಿದ್ದು ಗುಡಿಸು,” ಎಂದು ಹೇಳಿ ಹಾಲೇಶಪ್ಪ ಮೋಟರು ಹಾಕಿದ.

ದುರುಗಮ್ಮ ಗುಡಿಸಿದಳು. ಎಮ್ಮೆಯ ಬುಟ್ಟಿಗೆ ತುಂಬಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಟುಹೋದಳು. ನಾಳೆ ಹೊತ್ತಿಗೆ ಮುಂಚೆ ಬಾ ಎಂದು ಅವನು ಹಿಂದಿನಿಂದ ಕೂಗಿದ್ದು ಕೇಳಿಸಿತು. ಆಮೇಲೆ ಅವಳು ಆ ಅಂಗಳ ತುಳಿಯಲಿಲ್ಲ.

ಮನೆಯಲ್ಲಿಯೇ ಗಿರಣಿ ಹಾಕಬಹುದು ಎಂಬ ಮಾತು ತೆಗೆದವಳು ಮಗಳು ಪುಷ್ಪಾ. ಜಗಳೂರಿಗೆ ಬಸ್ಸಿನಲ್ಲಿ ಹೋಗಿಬಂದು ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಮನೆಯ ಕರೆಂಟಿನಲ್ಲಿಯೇ ಓಡುವ ಸಣ್ಣ ಗಿರಣಿಯನ್ನು ಅವಳು ಫೋನಿನಲ್ಲಿ ತೋರಿಸಿದಾಗ ದುರುಗಮ್ಮ ನಕ್ಕುಬಿಟ್ಟಿದ್ದಳು. ನಕ್ಕ ರಾತ್ರಿ ನಿದ್ದೆ ಬರಲಿಲ್ಲ. ಬೇರೆಯವರ ಗಿರಣಿಯಲ್ಲಿ ಅವಳಿಗೆ ತಿಳಿಯದ್ದೇನೂ ಇರಲಿಲ್ಲ. ಯಾವ ಕಾಳಿಗೆ ಕಲ್ಲು ಎಷ್ಟು ಬಿಗಿ ಮಾಡಬೇಕು, ರಾಗಿ ಯಾವಾಗ ಸೀಯುತ್ತದೆ, ಎಲ್ಲವೂ ಗೊತ್ತಿತ್ತು. ಇನ್ನೊಂದು ಸಂಗತಿಯೂ ಗೊತ್ತಿತ್ತು. ಹಾಲೇಶಪ್ಪನ ಗಿರಣಿಯಲ್ಲಿ ಕೇರಿಯವರ ಕಾಳು ಬೀಳುವುದು ದೀಪ ಹಚ್ಚುವ ಹೊತ್ತಿಗೆ, ಎಲ್ಲರದೂ ಆದ ಮೇಲೆ. ಅದಾದ ನಂತರ ಒಂದು ಮೊರ ತೌಡು ಸುರಿದು ಗಿರಣಿ ತಿರುಗಿಸಬೇಕು. ಕೇರಿಯ ಹಿಟ್ಟು ಕಲ್ಲಿನಲ್ಲಿ ಉಳಿದು ಮಾರನೆಯ ದಿನ ಮೇಲೋಣಿಯವರ ಹಿಟ್ಟಿಗೆ ಸೇರಬಾರದಲ್ಲ. ಆ ತೌಡು ಸುರಿಯುವ ಕೆಲಸವೂ ದುರುಗಮ್ಮನದೇ. ತನ್ನ ಮನೆಯ ರಾಗಿ ಬೀಸಿದ ಕಲ್ಲನ್ನು ತಾನೇ ತೌಡು ಹಾಕಿ ತೊಳೆಯುತ್ತಿದ್ದಳು.

ಕುರಿಗಳನ್ನು ಮಾರಿದರು. ಸಂಘದಿಂದ ಸಾಲ ಎತ್ತಿದರು. ಗಂಡ ತಿಪ್ಪೇಶಪ್ಪ ಜಗಳೂರಿನ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ದಾವಣಗೆರೆಯಿಂದ ಗಿರಣಿ ಟೆಂಪೋದಲ್ಲಿ ಬಂದ ದಿನ ಕೆಲಸಕ್ಕೆ ಹೋಗದೆ, ಯಾರಿಗೂ ಮುಟ್ಟಗೊಡದೆ, ತಾನೊಬ್ಬನೇ ಬೆನ್ನು ಕೊಟ್ಟು ಅದನ್ನು ಒಳಗೆ ಇಳಿಸಿದ. ಇದ್ದುದೇ ಎರಡು ಅಂಕಣದ ಮನೆ. ಮುಂದಿನ ಅಂಕಣ ಗಿರಣಿಗೆ ಹೋಯಿತು, ಮಂಚ ಹೊರಗೆ ಬಂತು.

ಮೊದಲು ಬೀಸಿಸಿದವಳು ಪಕ್ಕದ ಮನೆಯ ದೊಡ್ಡಕ್ಕ. ಮೇಲೋಣಿಯ ಮನೆಗಳ ಕೊಟ್ಟಿಗೆ ಬಳಿದು ಸೆಗಣಿ ಹೊತ್ತು ಬಾಳಿದವಳು. ಎಳೆ ಬಿಸಿಲಿನಲ್ಲಿಯೇ ಹಿಟ್ಟು ಕೈಗೆ ಬಂದಾಗ ಅವಳಿಗೆ ಏನು ಮಾಡಬೇಕೋ ತೋಚಲಿಲ್ಲ. ಬಿಸಿ ಡಬ್ಬಿಯನ್ನು ಸೊಂಟದಲ್ಲಿಟ್ಟುಕೊಂಡು ಕೇರಿಯ ಕೊನೆಯವರೆಗೆ ಸುಮ್ಮನೆ ಹೋಗಿ ಬಂದಳು.

ಸುದ್ದಿ ಹಾಲೇಶಪ್ಪನಿಗೆ ಮುಟ್ಟಿದ ವಾರದಲ್ಲೇ ಲೈನ್‌ಮ್ಯಾನ್ ಕೆಂಚೇಶ್ ಬಂದು ಕಂಬದಲ್ಲಿ ಫ್ಯೂಸು ಕಿತ್ತ. ಮನೆಯ ಕರೆಂಟಿನಲ್ಲಿ ವ್ಯಾಪಾರ ಮಾಡುವಂತಿಲ್ಲ ಎಂದ. ಯಾರು ಹೇಳಿ ಕಳಿಸಿದರು ಎಂದು ಪುಷ್ಪಾ ಕೇಳಿದ್ದಕ್ಕೆ ಮುಖ ತಿರುಗಿಸಿ ಬೈಕ್ ಹತ್ತಿದ. ತಾಯಿ ಮಗಳು ಜಗಳೂರಿಗೆ ಅಲೆದರು. ಕಡೆಗೆ ಗಿರಣಿಗೆಂದೇ ಬೇರೆ ಮೀಟರು ಹಾಕಿಸಿಕೊಂಡು ಬಂದರು. ಅದೇ ಕೆಂಚೇಶನೇ ಕಂಬ ಹತ್ತಿ ತಂತಿ ಎಳೆಯಬೇಕಾಯಿತು. ಪುಷ್ಪಾ ಅವನಿಗೆ ಚಾ ಕೊಟ್ಟಳು. ಕುಡಿಯದೆ ಹೋದ.

ಗಿರಣಿ ಮತ್ತೆ ಓಡತೊಡಗಿದ ಮೇಲೆ ಒಂದು ಬೆಳಗ್ಗೆ ದೊಡ್ಡಕ್ಕ ಒಂದು ಡಬ್ಬಿ ರಾಗಿ ತಂದು ಇಳಿಸಿದಳು. ದುರುಗಮ್ಮ ಬೊಗಸೆಯಲ್ಲಿ ತೆಗೆದು ನೋಡಿದಳು. ಒಂದು ಕಲ್ಲಿಲ್ಲ, ಒಂದು ಹೊಟ್ಟಿಲ್ಲ. ದೊಡ್ಡಕ್ಕನ ಮನೆ ಇಂಥ ರಾಗಿ ಕಂಡದ್ದೇ ಇಲ್ಲ.

“ಯಾರ ಮನೇದಕ್ಕ ಇದು?”

“ನಂದೇ ಅಂತ ತಿಳ್ಕ. ಬೀಸು.”

ಮೇಲೋಣಿಯವರು ಗುಟ್ಟಾಗಿ ಕಳಿಸಿದ್ದಕ್ಕೆ ಕಾರಣವಿತ್ತು. ಹಾಲೇಶಪ್ಪನ ಗಿರಣಿಯ ಕಲ್ಲು ಸವೆದುಹೋಗಿತ್ತು. ಅದಕ್ಕೆ ಹೊಸದಾಗಿ ಹಲ್ಲು ಕುಟ್ಟಿಸಲು ಕಾಸು ಬಿಚ್ಚಲಿಕ್ಕೆ ಅವನಿಗೆ ಕೈ ಬರುತ್ತಿರಲಿಲ್ಲ. ಹಿಟ್ಟು ಸೀದು ಬರುತ್ತಿತ್ತು, ರೊಟ್ಟಿಯಲ್ಲಿ ಹಲ್ಲಿಗೆ ಮರಳು ಸಿಗುತ್ತಿತ್ತು. ಡಬ್ಬಿ ಹೊತ್ತು ಬಸ್ಸು ಹತ್ತಿ ಜಗಳೂರಿಗೆ ಹೋಗುವುದಕ್ಕಿಂತ ಕೊಟ್ಟಿಗೆಗೆ ಬರುವ ದೊಡ್ಡಕ್ಕನ ತಲೆಯ ಮೇಲೆ ಹೊರಿಸುವುದು ಸುಲಭ. ಕೇಳಿದರೆ ದೊಡ್ಡಕ್ಕನ ಕಾಳು. ವಾಪಸು ಬರುವಾಗ ಹಿತ್ತಲ ಬಾಗಿಲು. ಒಂದು ಮನೆಯದು ಇನ್ನೊಂದು ಮನೆಗೆ ಗೊತ್ತಿಲ್ಲ ಎಂದು ಪ್ರತಿ ಮನೆಯೂ ನಂಬಿತ್ತು. ನೋಡನೋಡುತ್ತ ಕೇರಿಯ ಡಬ್ಬಿಗಿಂತ ಮೇಲೋಣಿಯ ಡಬ್ಬಿಗಳೇ ಹೆಚ್ಚಾದವು. ಪುಷ್ಪಾ ಖಾರದಪುಡಿಗೂ ಒಂದು ಗಿರಣಿ ಹಾಕುವ ಲೆಕ್ಕಾಚಾರದಲ್ಲಿದ್ದಳು. ದುರುಗಮ್ಮನಿಗೂ ಖುಷಿಯೇ. ಆ ಡಬ್ಬಿಗಳಲ್ಲಿ ಒಂದೊಂದರ ಸೊಟ್ಟ, ತುಕ್ಕು, ಹಿಡಿಕೆ ಅವಳಿಗೆ ಗೊತ್ತು. ಬಾಳೆಲ್ಲ ಅವನ್ನೇ ನೋಡುತ್ತ ಗುಡಿಸಿದವಳು. ಯಾರ ಮನೆಯದು ಎಂದು ಮತ್ತೆ ದೊಡ್ಡಕ್ಕನನ್ನು ಕೇಳಲಿಲ್ಲ.

ಒಂದು ದಿನ ಕುಡಿಯುವ ನೀರಿನ ಘಟಕದಲ್ಲಿ ದುರುಗಮ್ಮನ ಕ್ಯಾನು ಮೇಲೋಣಿಯ ಸೊಸೈಟಿ ಕಾರ್ಯದರ್ಶಿಯ ಹೆಂಡತಿಯ ಕ್ಯಾನಿಗೆ ತಗುಲಿತು. ಆಕೆ ತುಂಬಿದ ಕ್ಯಾನನ್ನು ಅಲ್ಲಿಯೇ ಬೋರಲು ಹಾಕಿದಳು. ಗಳಗಳನೆ ನೀರು ಚರಂಡಿಗೆ ಹರಿಯಿತು. ಕ್ಯಾನು ತೊಳೆದು, ಮತ್ತೆ ನಾಣ್ಯ ಹಾಕಿ ನೀರು ಹಿಡಿದುಕೊಂಡು ಹೋದಳು. ಆಕೆಯ ಜೋಳದ ಹಿಟ್ಟು ಆ ಹೊತ್ತಿನಲ್ಲಿ ದುರುಗಮ್ಮನ ಮನೆಯಲ್ಲಿ ಬಿಸಿ ಆರುತ್ತಿತ್ತು. ಅದರೊಳಗೆ ಮುಂಚೆ ಬೀಸಿದ ದೊಡ್ಡಕ್ಕನ ಜೋಳದ ಒಂದು ಹಿಡಿಯಾದರೂ ಇದ್ದಿರಬೇಕು. ದುರುಗಮ್ಮ ಮನೆಗೆ ಬಂದು ಆ ಡಬ್ಬಿಯ ಮುಂದೆ ಸುಮ್ಮನೆ ಕೂತಳು. ಪುಷ್ಪಾ ಏನವ್ವ ಎಂದು ಕೇಳಿದಳು. ಮುಚ್ಚಳ ಹಾಕಿ ಎದ್ದಳು.

ಮೆಕ್ಕೆಜೋಳದ ತೆನೆ ಒಣಗಿ ಮುರಿಯುವ ಕೆಲಸ ಶುರುವಾಗುವ ಹೊತ್ತಿಗೆ ಪ್ರೇಮಮ್ಮನ ಡಬ್ಬಿಯೂ ಬಂತು. ಗಿರಣಿಯ ಯಜಮಾನನ ಸ್ವಂತ ಮನೆಯ ಡಬ್ಬಿ. ಹಾಲೇಶಪ್ಪನ ಅಪ್ಪ ಅದರ ಹೊಟ್ಟೆಯ ಮೇಲೆ ಮೊಳೆಯಿಂದ ಚುಕ್ಕಿ ಚುಕ್ಕಿ ಬಡಿಸಿ ‘ಗಿರಣಿ ಬಂಗಾರಪ್ಪ’ ಎಂದು ತನ್ನ ಹೆಸರು ಬರೆಸಿದ್ದ. ಮನೆಯಲ್ಲಿ ಹಲ್ಲಿಲ್ಲದ ಮುದುಕಿ ಅತ್ತೆ ಮುದ್ದೆಯಲ್ಲಿ ಮರಳು ಸಿಕ್ಕಿತೆಂದು ತಟ್ಟೆ ಎಸೆದಿದ್ದಳಂತೆ. ಪ್ರೇಮಮ್ಮ ಕೊಟ್ಟಿಗೆಯ ಹಿಂದೆ ನಿಂತು, ಯಾರಿಗೂ ಹೇಳಬ್ಯಾಡ, ನಿನ್ನ ಕಾಲಿಗೆ ಬೀಳ್ತೀನಿ ಎಂದಳೆಂದು ದೊಡ್ಡಕ್ಕ ಹೇಳಿದಳು.

ಆ ಸಂಜೆಯೇ ಹಾಲೇಶಪ್ಪ ಬಂದ. ಕೇರಿ ಊರು ಶುರುವಾಗುವಲ್ಲೇ ಇತ್ತು. ದುರುಗಮ್ಮನ ಮನೆಯ ಮುಂದೆಯೇ ಜಗಳೂರಿನ ಟಾರು ರಸ್ತೆ. ಅವನು ರಸ್ತೆಯಲ್ಲಿಯೇ ಬೈಕು ನಿಲ್ಲಿಸಿ, ಇಳಿಯದೆ, ಒಂದು ಕಾಲು ನೆಲಕ್ಕೆ ಊರಿ ಹಾರ್ನು ಹೊಡೆದ. ಬಾಗಿಲು ತೆರೆದೇ ಇತ್ತು. ಹೊಸ್ತಿಲಿನ ಒಳಗೇ, ಲೈಟಿನ ಕೆಳಗೆ, ಅವನ ಅಪ್ಪನ ಹೆಸರಿನ ಡಬ್ಬಿ ಹೊರಗೆ ಮುಖ ಮಾಡಿ ಕೂತಿತ್ತು. ಪುಷ್ಪಾ ಹೋಗಿ ಅದರ ಮುಂದೆ ನಿಂತುಕೊಂಡಳು. ಲಂಗದ ಅಂಚಿನ ಕೆಳಗೆ ಡಬ್ಬಿಯ ತಳ ಕಾಣುತ್ತಲೇ ಇತ್ತು.

“ಜಗಳಾಡಾಕೆ ಬಂದಿಲ್ಲ ದುರುಗಿ,” ಎಂದ. “ಮೇಲೋಣಿ ಡಬ್ಬಿ ಇಲ್ಲಿಗೆ ಬರ್ತಾವೆ ಅಂತ ಗೊತ್ತೈತೆ. ಯಾರ್ಯಾರವು ಅಂತಾನೂ ಗೊತ್ತೈತೆ. ಬರ್ಲಿ ಬಿಡು.”

ದುರುಗಮ್ಮ ಬಾಗಿಲಿಗೆ ಅಡ್ಡವಾಗಿ ಬಂದು ನಿಂತಳು. ಅವನು ದನಿ ತಗ್ಗಿಸಿ ವ್ಯಾಪಾರದ ಮಾತು ಹೇಳಿದ. ತನ್ನ ಕಲ್ಲು ಹೋಗಿದೆ, ಮೋಟರೂ ಎಳೆಯುತ್ತಿಲ್ಲ, ಹೊಸದು ಹಾಕುವ ಗೋಜಿಗೆ ತಾನು ಹೋಗುವುದಿಲ್ಲ. ಡಬ್ಬಿಗಳು ಮರ್ಯಾದೆಯಾಗಿ ತನ್ನ ಗಿರಣಿಗೇ ಬರಲಿ. ಕತ್ತಲಾದ ಮೇಲೆ ಟ್ರ್ಯಾಕ್ಟರಿನಲ್ಲಿ ಹಾಕಿ ಇಲ್ಲಿಗೆ ಕಳಿಸುತ್ತೇನೆ. ಬೀಸಿಟ್ಟರೆ ಬೆಳಕು ಹರಿಯುವುದರೊಳಗೆ ಒಯ್ಯುತ್ತೇನೆ. ಬಂದದ್ದರಲ್ಲಿ ಅರ್ಧ ಅವಳಿಗೆ.

“ಜನಕ್ಕೆ ಗೊತ್ತಾದ್ರೆ?” ಎಂದಳು ದುರುಗಮ್ಮ.

“ಹಿಟ್ಟಿಗೇನು ಬಾಯಿ ಐತಾ, ಎಲ್ಲಿ ಬೀಸಿದ್ರು ಅಂತ ಹೇಳಾಕೆ?”

“ನಮ್ಮ ಕೇರಿಯೋರ ಡಬ್ಬಿ?”

“ಅವು ಹೆಂಗೂ ನಿಂದೇ, ನಾನ್ಯಾಕೆ ಬ್ಯಾಡ ಅನ್ಲಿ. ಆದ್ರೆ ನಮ್ಮವು ಹಾಕಾಕೆ ಮುಂಚೆ ಕಲ್ಲಿಗೆ ಒಂದಿಷ್ಟು ತೌಡು ತಿರುಗಿಸಿಬಿಡು. ನಿಂಗೆ ಗೊತ್ತಿರಾದೇ ಐತಲ್ಲ. ತೌಡು ನಾನೇ ಕಳಿಸ್ತೀನಿ.”

ಅವನು ದುರುಗಮ್ಮನ ಭುಜದ ಮೇಲಿನಿಂದ ಒಳಗೆ ಕಣ್ಣು ಹಾಯಿಸಿದ. ಗಿರಣಿ ನೋಡಿದ, ಪುಷ್ಪಾಳನ್ನು ನೋಡಿದ. ಅವಳ ಹಿಂದೆ ಇದ್ದುದು ಕಂಡಿತೋ ಇಲ್ಲವೋ, ಮುಖದಲ್ಲಿ ಏನೂ ತಿಳಿಯಲಿಲ್ಲ. ಬೈಕಿಗೆ ಕಿಕ್ ಹೊಡೆಯುತ್ತ, ಒಲ್ಲೆ ಅಂದರೆ ದೊಡ್ಡಕ್ಕ ನಾಳೆಯಿಂದ ಯಾವ ಕೊಟ್ಟಿಗೆಗೂ ಹೋಗುವ ಹಾಗಿಲ್ಲ, ತೆನೆ ಮುರಿಯಲಿಕ್ಕೆ ಕೇರಿಯ ಒಂದು ಆಳನ್ನೂ ಕರೆಯುವುದಿಲ್ಲ, ಹೊರಗಿನಿಂದ ಕರೆಸುತ್ತೇವೆ ಎಂದ. ಬೆಳಗ್ಗೆ ಹೇಳು ಎಂದು ಹೋದ.

ಬೈಕಿನ ಸದ್ದು ಮಾಯವಾದ ಮೇಲೆ ದೊಡ್ಡಕ್ಕ ಗೋಡೆಯ ಮರೆಯಿಂದ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. ಹ್ಞೂಂ ಅಂದುಬಿಡು ಎಂದಳು. ಅರ್ಧ ಅಂದರೆ ಕಡಿಮೆಯೇನಲ್ಲ, ಡಬ್ಬಿ ನನ್ನ ತಲೆಯ ಮೇಲೆ ಬಂದರೇನು, ಟ್ರ್ಯಾಕ್ಟರಿನಲ್ಲಿ ಬಂದರೇನು, ನಾನು ಹುಡುಗಿಯಾಗಿದ್ದಾಗಿನಿಂದ ಆ ಮನೆಗಳ ಸೆಗಣಿ ಹೊತ್ತಿದ್ದೇನೆ, ಇದಕ್ಕಿಂತ ದೊಡ್ಡ ಮಾತು ಕೇಳಿದ್ದೇನೆ, ಸತ್ತೆನೇ ಎಂದೆಲ್ಲ ಹೇಳಿದಳು. ಮಂಡಿಯಿಂದ ಬಂದ ತಿಪ್ಪೇಶಪ್ಪನೂ ತಲೆ ತಗ್ಗಿಸಿ, ಸಂಘದ ಸಾಲ ಇದೆಯಲ್ಲ ಎಂದ.

“ತೌಡು ತಿರುಗಿಸು ಅಂದ ಅಕ್ಕ,” ಎಂದಳು ದುರುಗಮ್ಮ. “ಅವನ ಗಿರಣ್ಯಾಗೆ ತಿರುಗಿಸ್ದೆ, ಹೋಗ್ಲಿ. ಇದು ನನ್ನ ಮನೆ. ನಿನ್ನ ಜೋಳ ಬೀಸಿದ ಕಲ್ಲನ್ನ ನಾನು ತೊಳೀಬೇಕಂತೆ.”

ದೊಡ್ಡಕ್ಕ, “ನನ್ನ ಕೊಟ್ಟಿಗೆ ಕೆಲ್ಸ ಹೋತು ಅಂತ ತಿಳ್ಕ,” ಎಂದು ಹೇಳಿ ಮನೆಗೆ ಹೋದಳು.

ಬೆಳಗ್ಗೆ ಕಸ ಗುಡಿಸಿ ನೀರು ಚಿಮುಕಿಸಿದ ಮೇಲೆ ದುರುಗಮ್ಮ ಮೊದಲ ಡಬ್ಬಿಯನ್ನು ಎತ್ತಿಕೊಂಡು ಹೊರಗೆ ಬಂದಳು. ರಸ್ತೆಯ ನಟ್ಟನಡುವೆ ಇಟ್ಟಳು. ಅದು ಸೊಸೈಟಿ ಕಾರ್ಯದರ್ಶಿಯ ಮನೆಯದು. ಎರಡನೆಯದನ್ನು ಅದರ ಪಕ್ಕಕ್ಕೆ ಇಟ್ಟಳು. ಪುಷ್ಪಾ ಒಂದು ಕ್ಷಣ ನೋಡಿ, ತಾನೂ ಒಂದನ್ನು ಎತ್ತಿದಳು. ತಿಪ್ಪೇಶಪ್ಪ ಬ್ಯಾಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಬೀಡಿ ಎಸೆದು ಎದ್ದು, ಎರಡು ಕೈಗೆ ಎರಡು ಡಬ್ಬಿ ಹಿಡಿದು ಬಂದ. ಅಷ್ಟರಲ್ಲಿ ದೊಡ್ಡಕ್ಕ ಬೈಯುತ್ತಲೇ ಬಂದಳು. “ಲೌಡಿ, ನನ್ನ ಅನ್ನಕ್ಕೆ ಮಣ್ಣು ಹಾಕ್ದೆ. ನಿನ್ನ ಗಿರಣಿ ಹಾಳಾಗ್ಲಿ.” ಬೈಯುತ್ತಲೇ ಒಂದು ಡಬ್ಬಿಯನ್ನು ತಲೆಯ ಮೇಲೆ ಹೊತ್ತು, ರಸ್ತೆಗೆ ತಂದು ಸಾಲಿಗೆ ಸೇರಿಸಿದಳು. ಸೊಟ್ಟಗಿದ್ದ ಸಾಲನ್ನು ಕಾಲಿನಿಂದ ನೆಟ್ಟಗೂ ಮಾಡಿದಳು.

ಕೊನೆಗೆ ಒಳಗೆ ಉಳಿದದ್ದು ಪ್ರೇಮಮ್ಮನದು. ದುರುಗಮ್ಮ ಅದರ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು. ಇದನ್ನು ಹೊರಗಿಟ್ಟರೆ ಆ ಮನೆಯಲ್ಲಿ ಆ ಹೆಂಗಸಿಗೆ ಏನಾಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಲೇಶಪ್ಪನ ಬೆಲ್ಟಿನ ಗುರುತನ್ನು ಪ್ರೇಮಮ್ಮನ ಕತ್ತಿನ ಮೇಲೆ ಕಂಡಿದ್ದಳು. ಹಾಗೆಯೇ ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದ ಅವಳ ಮುಖವೂ ನೆನಪಿಗೆ ಬಂತು.

“ಅದೊಂದು ಇರ್ಲಿ ಅವ್ವ,” ಎಂದಳು ಪುಷ್ಪಾ.

“ಇದೊಂದನ್ನ ಬಚ್ಚಿಟ್ರೆ ಅವನು ಹೇಳ್ದಂಗೇ ಆತಲ್ಲೆ. ಕತ್ತಲಾಗೆ ಬರಾದು, ಕತ್ತಲಾಗೆ ಹೋಗಾದು.”

ಎತ್ತಿಕೊಂಡಳು. ರಸ್ತೆಗೆ ತಂದು ಸಾಲಿನ ನಡುವೆ, ಹೆಸರು ಊರ ಕಡೆಗೆ ಕಾಣುವಂತೆ ಇಟ್ಟಳು. ಬಂದು ಹೊಸ್ತಿಲ ಮೇಲೆ ಕೂತಳು.

ಮೊದಲು ಕೇರಿಯವರು ಸೇರಿದರು. ಆಮೇಲೆ ಹಾಲು ಹಾಕಲಿಕ್ಕೆ ಹೊರಟವರು, ಸ್ಕೂಲಿನ ಮಕ್ಕಳು. ಮೇಲೋಣಿಯ ಗಂಡಸರು ದೂರದಲ್ಲಿಯೇ ನಿಂತು ಡಬ್ಬಿಗಳನ್ನು ನೋಡಿದರು. ಗುರುತು ಹಿಡಿದವರು ಪಕ್ಕದವರ ಡಬ್ಬಿಯನ್ನು ಮಾತ್ರ ಗುರುತು ಹಿಡಿದರು. ಅವರ ಹಿಂದೆ, ಓಣಿಯ ತಿರುವಿನಲ್ಲಿ ಹೆಂಗಸರು ಗುಂಪಾಗಿದ್ದರು. ದುರುಗಮ್ಮ ಎದ್ದು ನಿಂತು, ಕೂಗಾಡದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಹಿಟ್ಟು ಆಗಿದೆ, ಯಾರದ್ದೋ ಅವರೇ ಬಂದು ಬೀಸಿದ ಕೂಲಿ ಕೊಟ್ಟು ಒಯ್ಯಬೇಕು, ಇನ್ನು ಮೇಲೆ ಬೀಸಿಸಬೇಕಾದವರು ಹಗಲು ಹೊತ್ತು ತಾವೇ ಬಾಗಿಲಿಗೆ ಬಂದು ಪಾಳಿಯಲ್ಲಿ ಕೂರಬೇಕು, ಯಾರ ಹಿಂದೆ ಯಾರದು ಬೀಳುತ್ತದೋ ತಾನು ನೋಡುವುದಿಲ್ಲ.

ಒಬ್ಬರೂ ಅಲುಗಲಿಲ್ಲ.

ಜಗಳೂರಿನ ಬಸ್ಸು ಬಂತು. ಹಾರ್ನು ಹೊಡೆಯುತ್ತಲೇ ಬಂದು ಡಬ್ಬಿಗಳ ಮುಂದೆ ನಿಂತಿತು. ಡ್ರೈವರು ತಲೆ ಹೊರಗೆ ಹಾಕಿ, ಯಾರದ್ರೀ ಡಬ್ಬಿ, ತೆಗೀರಿ ಎಂದ. ಗುಂಪು ಅವನನ್ನು ನೋಡಿತು. ಇಷ್ಟು ಜನ ಇದ್ದೀರಿ, ಯಾರವು ಅಂತ ಗೊತ್ತಿಲ್ಲವೇ ಎಂದು ಅವನು ಮತ್ತೆ ಕೇಳಿದ. ಕಂಡಕ್ಟರು ಇಳಿದು ಒಂದು ಡಬ್ಬಿಗೆ ಕೈ ಹಾಕಲು ಹೋದ. ದುರುಗಮ್ಮ ತಡೆದಳು.

“ಮುಟ್ಟಬ್ಯಾಡ ಕಣಪ್ಪ. ಅದು ತಿನ್ನೋ ಹಿಟ್ಟು, ಅದಕ್ಕೆ ಯಜಮಾನ್ರು ಅದಾರೆ.”

ಗುಂಪು ಬಿರಿದು ದಾರಿಯಾಯಿತು. ಹಾಲೇಶಪ್ಪ ಬರುತ್ತಿದ್ದ. ಪಂಚೆಯನ್ನು ಮೇಲಕ್ಕೆ ಕಟ್ಟಿದ್ದ, ಬಾಯಲ್ಲಿ ಬೈಗಳ ಹೊಳೆ ಹರಿಯುತ್ತಿತ್ತು. ಮಾದಿಗ ಲೌಡಿಗೆ ಸೊಕ್ಕು ಏರಿದೆ, ಇವತ್ತು ಇಳಿಸುತ್ತೇನೆ ಎಂದು ಕಾಲು ಬೀಸಿಕೊಂಡೇ ಬಂದ. ಸಾಲಿನ ಮೊದಲ ಡಬ್ಬಿ ಒದೆಗೆ ಉರುಳಿತು, ಮುಚ್ಚಳ ಹಾರಿ ಟಾರಿನ ಮೇಲೆ ಜೋಳದ ಹಿಟ್ಟು ಬೆಳ್ಳಗೆ ಚೆಲ್ಲಿತು. ಗುಂಪಿನ ಹಿಂದಿನಿಂದ ಒಂದು ಹೆಂಗಸಿನ ದನಿ ಅಯ್ಯೋ ಅಂದಿತು. ಎಲ್ಲರೂ ತಿರುಗಿ ನೋಡಿದರು. ಕಾರ್ಯದರ್ಶಿಯ ಹೆಂಡತಿ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಂಡಳು.

ಚೆಲ್ಲಿದ ಹಿಟ್ಟು ತುಳಿದುಕೊಂಡು ಮುಂದೆ ಬಂದು, ಸಾಲಿನ ನಡುವಿನದನ್ನು ಒದೆಯಲು ಹಾಲೇಶಪ್ಪ ಕಾಲು ಎತ್ತಿದ. ಎತ್ತಿದವನು ಹಾಗೆಯೇ ನಿಂತ. ಅವನ ಕಣ್ಣು ಡಬ್ಬಿಯ ಹೊಟ್ಟೆಯ ಮೇಲಿನ ಚುಕ್ಕಿಗಳ ಮೇಲೆ ಬಿದ್ದಿತ್ತು. ಕಾಲು ಮೆಲ್ಲಗೆ ನೆಲಕ್ಕೆ ಇಳಿಯಿತು. ತಲೆ ಎತ್ತಿ ಮೇಲೋಣಿಯ ತಿರುವಿನ ಕಡೆ ನೋಡಿದ. ಅಲ್ಲಿ ಪ್ರೇಮಮ್ಮ ನಿಂತಿದ್ದಳು. ಉಳಿದ ಹೆಂಗಸರು ಅವಳಿಂದ ಒಂದೊಂದು ಹೆಜ್ಜೆ ಸರಿದರು. ಅವಳು ಸರಿಯಲಿಲ್ಲ, ಮನೆಯ ಕಡೆಗೂ ಹೋಗಲಿಲ್ಲ.

ಸ್ಕೂಲಿನ ಹುಡುಗಿಯೊಬ್ಬಳು ಡಬ್ಬಿಯ ಮೇಲಿನ ಹೆಸರನ್ನು ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು.

“ನಿಮ್ದಾ ಯಜಮಾನ್ರೆ ಅದು?” ಡ್ರೈವರು ಸ್ಟೇರಿಂಗಿನ ಮೇಲೆ ಕೈ ಊರಿಕೊಂಡು ಕೇಳಿದ. “ತಗೀರಿ ಮತ್ತೆ. ನಂಗೆ ಹೊತ್ತಾಗ್ತೈತೆ.”

ಹಾಲೇಶಪ್ಪ ಬಗ್ಗಲಿಲ್ಲ, ಹಿಂದೆ ಸರಿಯಲಿಲ್ಲ. ಅವನ ಕಾಲಿನ ಬೆರಳುಗಳಿಗೆ ಹಿಟ್ಟು ಮೆತ್ತಿತ್ತು. ದುರುಗಮ್ಮ ಹೊಸ್ತಿಲಿನಿಂದ ಇಳಿದು ರಸ್ತೆಗೆ ಬಂದು, ಅವನ ಎದುರಿಗೆ ಡಬ್ಬಿಯ ಇನ್ನೊಂದು ಬದಿಗೆ ನಿಂತಳು.

“ತೌಡು ತಿರುಗಿಸಿಲ್ಲ ಸಾವ್ಕಾರ್ರೆ,” ಎಂದಳು. “ನಮ್ಮ ದೊಡ್ಡಕ್ಕನ ರಾಗಿ ಆದ್ಮ್ಯಾಲೆ ಬೀಸಿದ್ದು. ನುಣ್ಣಗೆ ಬಂದೈತೆ. ಕೂಲಿ ಕೊಟ್ಟು ಎತ್ಕಳ್ರಿ.”

ಬಸ್ಸು ಮತ್ತೆ ಹಾರ್ನು ಹೊಡೆಯಿತು. ಅದರ ಹಿಂದೆ ಒಂದು ಟ್ರ್ಯಾಕ್ಟರು ಬಂದು ನಿಂತಿತ್ತು.